ನಿದ್ರಿಸುವವರ ಉಸಿರಿಗೆ ಸಾಕ್ಷಿ ಯಾರು?

ಮನುಷ್ಯನು ಅನ್ನವಿಲ್ಲದೆ ಕೆಲವು ವಾರ, ನೀರಿಲ್ಲದೆ ಕೆಲವು ದಿವಸ ಜೀವಿಸಿರಬಹುದು. ಉಸಿರಿಲ್ಲದೆ ಕೆಲವು ನಿಮಿಷಗಳಿಗಿಂತ ಹೆಚ್ಚು ಜೀವಿಸಲಾರನು. ಇದನ್ನು ಅರಿಯದವರಿಲ್ಲ. ಆದರೂ ನಮ್ಮ ಮನೆಗಳಲ್ಲಿ ಅನ್ನದ ವಿಷಯವಾಗಿ ನಡೆಯುವ ವಿಚಾರದ ನೂರರಲ್ಲೊಂದು ಪಾಲಾದರೂ ಉಸಿರಿನ ವಿಷಯವಾಗಿ ನಡೆಯುವುದಿಲ್ಲ. ಯಾತಕ್ಕೆಂದರೆ ಉಸಿರು ನಾವು ಕರೆಯದೆಯೇ ಬರುತ್ತದೆ. ನಾವು ಮರೆತು ಮಲಗಿದರೂ ತನ್ನ ಕೆಲಸವನ್ನು ತಾನು ಮಾಡುತ್ತಲೇ ಇರುತ್ತದೆ. ಇಷ್ಟು ನಂಬಿಗಸ್ತವಾದ ಸೇವಕನ ಮೇಲೆ ಯಾರೂ ಕಣ್ಣಿಡುವುದಿಲ್ಲ.

ಆದರೆ ಕೆಲವರಲ್ಲಿ ಈ ಸೇವಕನು ರಾತ್ರಿಯ ಹೊತ್ತು ಆಗಾಗ್ಗೆ ಕೆಲಸವನ್ನು ನಿಲ್ಲಿಸುವುದುಂಟು. ಆಗ ನಿದ್ರಿಸುವವನಿಗೆ ತನ್ನ ಉಸಿರು ನಿಂತದ್ದು ತಿಳಿಯದು. ಬೆಳಿಗ್ಗೆ ಎದ್ದ ಮೇಲೆ ನೆನಪೂ ಇರದು. ತೊಟ್ಟಿಲಿನ ಶಿಶುವಿಗಂತೂ ಹೇಳುವ ಬಾಯಿಯೇ ಇಲ್ಲ. ಬೇರೆ ರೋಗಗಳಲ್ಲಿ ರೋಗಿಯು ತಾನೇ ತನ್ನ ಬಾಧೆಯನ್ನು ವೈದ್ಯನ ಮುಂದೆ ಹೇಳಿಕೊಳ್ಳುವನು. ಈ ರೋಗದಲ್ಲಿಯಾದರೋ ಪಕ್ಕದಲ್ಲಿ ಎಚ್ಚರವಾಗಿರುವವರೇ ಸಾಕ್ಷಿ. ಆ ಸಾಕ್ಷಿ ಹೇಳತಕ್ಕವರಿಗೆ ತಾವು ಕಂಡದ್ದು ಏನೆಂಬುದು ತಿಳಿದಿರಬೇಕು. ನಮ್ಮ ಮನೆಗಳಲ್ಲಿ ಶಿಶುವಿನ ಪಕ್ಕದಲ್ಲಿಯೂ ಮುದುಕರ ಪಕ್ಕದಲ್ಲಿಯೂ ರಾತ್ರಿ ಎಚ್ಚರವಾಗಿರುವವರು ಹೆಚ್ಚಾಗಿ ಸ್ತ್ರೀಯರು. ಅವರಲ್ಲಿಯೂ ಎಷ್ಟೋ ವೇಳೆ ಹೈಸ್ಕೂಲಿನಲ್ಲಿ ಓದುವ ಅಕ್ಕ ಅಥವಾ ಮೊಮ್ಮಗಳು. ಆದುದರಿಂದ ನಿದ್ರೆಯಲ್ಲಿ ಉಸಿರು ನಿಲ್ಲುವ ವಿಷಯವನ್ನು ಬಾಲಕಿಯರ ಪಾಠಶಾಲೆಯಲ್ಲಿಯೇ ಕಲಿಸಬೇಕೆಂಬುದು ನಮ್ಮ ಅಭಿಪ್ರಾಯ. ಈ ಸಂಚಿಕೆಯಲ್ಲಿ ಅದನ್ನೇ ಸ್ವಲ್ಪ ವಿಸ್ತಾರವಾಗಿ ವಾಚಕರ ಮುಂದಿಡುತ್ತೇವೆ.

ಮೊದಲು ಇದರ ಸ್ವರೂಪವನ್ನು ತಿಳಿಯೋಣ. ವೈದ್ಯರು ಇದನ್ನು ಅಪ್ನಿಯಾ ಎಂದು ಕರೆಯುವರು. ಉಸಿರಿಲ್ಲದಿರುವಿಕೆ ಎಂಬ ಅರ್ಥದ ಗ್ರೀಕ್ ಶಬ್ದದಿಂದ ಬಂದ ಹೆಸರಿದು. ಕನ್ನಡದಲ್ಲಿ ಶ್ವಾಸಸ್ತಂಭನವೆನ್ನಬಹುದು. ದೊಡ್ಡವರಲ್ಲಿ 10 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಕಾಲ ಉಸಿರು ನಿಂತರೆ ಅದು ಸ್ತಂಭನವೆಂದು ಲೆಕ್ಕ. ಶಿಶುಗಳಲ್ಲಿ 20 ಸೆಕೆಂಡು ನಿಂತರೆ, ಅಥವಾ ಅದಕ್ಕಿಂತ ಕಡಿಮೆ ಕಾಲ ನಿಂತರೂ ಮೈ ನೀಲಿಗಟ್ಟುವುದು, ಬಿಳಿಚಿಕೊಳ್ಳುವುದು, ಹೃದಯದ ಬಡಿತ ಇಳಿಯುವುದು ಇತ್ಯಾದಿ ಚಿಹ್ನೆಗಳು ಕಂಡರೆ ಅದನ್ನು ಸ್ತಂಭನವೆನ್ನುವರು.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತಲೇ ಮೆದುಳಿನ ಬುಡದಲ್ಲಿರುವ ಒಂದು ಕೇಂದ್ರವು ಎದೆಯ ಮತ್ತು ವಪೆಯ ಸ್ನಾಯುಗಳಿಗೆ ಉಸಿರೆಳೆಯುವಂತೆ ಆಜ್ಞೆ ಕಳುಹಿಸುತ್ತದೆ. ಆ ಆಜ್ಞೆಯೇ ಹೊರಡದಿದ್ದರೆ ಎದೆ ಹೊಟ್ಟೆಗಳು ಅಲುಗಾಡದೆ ಸುಮ್ಮನಿರುವುವು; ಇದು ಒಂದು ಬಗೆ. ಆಜ್ಞೆ ಹೊರಟು ಎದೆ ಹೊಟ್ಟೆಗಳು ಎಳೆದಾಡುತ್ತಿದ್ದರೂ ಗಂಟಲಿನ ದಾರಿ ಮುಚ್ಚಿಕೊಂಡು ಗಾಳಿ ಒಳಗೆ ಹೋಗದಿರುವುದು ಇನ್ನೊಂದು ಬಗೆ. ನಿದ್ರೆಯಲ್ಲಿ ಸ್ನಾಯುಗಳು ಸಡಿಲವಾಗಿ ನಾಲಿಗೆಯೂ ಮೆದು ಅಂಗುಳೂ ಹಿಂದಕ್ಕೆ ಜಾರುವುದರಿಂದ ಹೀಗಾಗುವುದು. ಮೊದಲನೆಯದು ಮೌನವಾದದ್ದು, ಎರಡನೆಯದು ಗೊರಕೆಯ ನಡುನಡುವೆ ಬರತಕ್ಕದ್ದು. ನೋಡುವ ಕಣ್ಣಿದ್ದರೆ ಈ ಭೇದವನ್ನು ಹಾಸಿಗೆಯ ಪಕ್ಕದಲ್ಲಿ ಕುಳಿತವರೇ ಬಹುಮಟ್ಟಿಗೆ ಗುರುತಿಸಬಹುದು.

ಈಗ ಶಿಶುಗಳ ವಿಷಯಕ್ಕೆ ಬರುತ್ತೇವೆ. ಹೊಸದಾಗಿ ಹುಟ್ಟಿದ ಮಗುವಿನ ಉಸಿರು ದೊಡ್ಡವರದರಂತೆ ಸಮನಾಗಿ ನಡೆಯುವುದಿಲ್ಲ. ಕೆಲವು ಸಲ ವೇಗವಾಗಿ ಉಸಿರಾಡಿ, ಐದಾರು ಸೆಕೆಂಡು ಸುಮ್ಮನಿದ್ದು, ಮತ್ತೆ ತಾನಾಗಿಯೇ ಆರಂಭಿಸುವುದು. ಮಗುವಿನ ಬಣ್ಣ ಕೆಡದೆ, ಹಾಲು ಕುಡಿಯುತ್ತ ಚೆನ್ನಾಗಿದ್ದರೆ ಇದು ರೋಗವಲ್ಲ. ಕೆಲವು ತಿಂಗಳಲ್ಲಿ ತಾನೇ ಸರಿಹೋಗುವುದು. ಇದನ್ನರಿಯದ ಎಳೆಯ ತಾಯಂದಿರು ಗಾಬರಿಗೊಂಡು ರಾತ್ರಿಯೆಲ್ಲಾ ನಿದ್ದೆಗೆಡುವುದುಂಟು. ತಿಳುವಳಿಕೆಯಿಂದ ಭಯ ಹುಟ್ಟುವುದಕ್ಕಿಂತ ಭಯ ಹೋಗುವುದೇ ಹೆಚ್ಚು ಎಂಬುದಕ್ಕೆ ಇದೊಂದು ದೃಷ್ಟಾಂತ.

ತಿಂಗಳು ತುಂಬದೆ ಹುಟ್ಟಿದ ಶಿಶುಗಳ ಮಾತು ಬೇರೆ. ಅವುಗಳ ಮೆದುಳಿನ ಶ್ವಾಸಕೇಂದ್ರವು ಇನ್ನೂ ಬಲಿತಿರುವುದಿಲ್ಲ. 28 ವಾರಕ್ಕಿಂತ ಮೊದಲು ಹುಟ್ಟಿದ ಶಿಶುಗಳಲ್ಲಿ ಬಹುತೇಕ ಎಲ್ಲದಕ್ಕೂ ಶ್ವಾಸಸ್ತಂಭನ ಆಗಿಯೇ ಆಗುವುದು. ದಾದಿಯರು ಅಂಗಾಲನ್ನೋ ಬೆನ್ನನ್ನೋ ಮೃದುವಾಗಿ ಉಜ್ಜಿದರೆ ಎಷ್ಟೋ ಸಲ ಶಿಶುವು ಮತ್ತೆ ಉಸಿರಾಡತೊಡಗುವುದು; ಅದು ಸಾಲದಿದ್ದರೆ ಮೂಗಿನ ಮೂಲಕ ಒತ್ತಡದ ಗಾಳಿಯನ್ನು ಕೊಡುವರು. ಇವುಗಳ ಜತೆಗೆ ಕೊಡುವ ಮುಖ್ಯವಾದ ಔಷಧವು ಯಾವುದೆಂದು ಕೇಳಿದರೆ ವಾಚಕರು ಆಶ್ಚರ್ಯಪಟ್ಟಾರು. ಅದು ಕೆಫೀನ್, ನಮ್ಮ ಚಿಕ್ಕಮಗಳೂರು, ಕೊಡಗು, ಹಾಸನ ಸೀಮೆಗಳ ತೋಟದ ಕಾಫಿಯಲ್ಲಿ ಇರತಕ್ಕ ವಸ್ತುವೇ. ಕೆನಡಾ ದೇಶದ ಬಾರ್ಬರಾ ಷ್ಮಿಟ್ ಎಂಬ ವೈದ್ಯೆಯ ನೇತೃತ್ವದಲ್ಲಿ, 500 ರಿಂದ 1250 ಗ್ರಾಂ ತೂಕದ 2006 ಶಿಶುಗಳ ಮೇಲೆ ಇದರ ಪರೀಕ್ಷೆ ನಡೆಯಿತು. 2007 ರಲ್ಲಿ ಪ್ರಕಟವಾದ ಫಲದ ಪ್ರಕಾರ, ಒಂದೂವರೆ ವರ್ಷದ ವಯಸ್ಸಿನ ಹೊತ್ತಿಗೆ ಸಾವು ಅಥವಾ ಅಂಗವೈಕಲ್ಯಕ್ಕೆ ಈಡಾದವರು ಕೆಫೀನ್ ಪಡೆದವರಲ್ಲಿ ನೂರಕ್ಕೆ 40 ಮಂದಿ, ಪಡೆಯದವರಲ್ಲಿ ನೂರಕ್ಕೆ 46 ಮಂದಿ. ಆದರೆ ಇದನ್ನು ಓದಿ ಯಾರೂ ಮನೆಯಲ್ಲಿ ಶಿಶುವಿನ ಬಾಯಿಗೆ ಕಾಫಿಯನ್ನು ಹಾಕಕೂಡದು. ಔಷಧವು ತೂಕಕ್ಕೆ ತಕ್ಕಂತೆ ಅಳೆದು ಕೊಡತಕ್ಕದ್ದು. ಅಳತೆ ತಪ್ಪಿದರೆ ಅದೇ ವಿಷವಾದೀತು.

ಯಂತ್ರವೂ ಔಷಧವೂ ಅಲ್ಲದ ಇನ್ನೊಂದು ಸಹಾಯವಿದೆ. ಅದು ತಾಯಿಯ ಎದೆ. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ 1978 ರಲ್ಲಿ ಎಡ್ಗಾರ್ ರೇ ಸನಬ್ರಿಯಾ ಎಂಬ ವೈದ್ಯನು, ಶಿಶುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ಸಾಲದಿದ್ದಾಗ, ಕಡಿಮೆ ತೂಕದ ಶಿಶುಗಳನ್ನು ತಾಯಂದಿರ ಎದೆಗೆ ಮೈ ತಾಗುವಂತೆ ಕಟ್ಟಿಸಿದನು. ಕಾಂಗರೂ ಪ್ರಾಣಿಯು ಮರಿಯನ್ನು ಚೀಲದಲ್ಲಿಟ್ಟುಕೊಳ್ಳುವಂತಿರುವುದರಿಂದ ಇದಕ್ಕೆ ಕಾಂಗರೂ ಆರೈಕೆ ಎಂಬ ಹೆಸರು ಬಂತು. ಭಾರತವೂ ಆಫ್ರಿಕದ ನಾಲ್ಕು ದೇಶಗಳೂ ಸೇರಿ ನಡೆಸಿ 2021 ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹುಟ್ಟಿದ ಕೂಡಲೇ ಈ ಆರೈಕೆ ದೊರೆತ ಸಣ್ಣ ಶಿಶುಗಳಲ್ಲಿ 28 ದಿವಸದೊಳಗೆ ನೂರಕ್ಕೆ 12 ತೀರಿಕೊಂಡರೆ, ತಡವಾಗಿ ದೊರೆತವುಗಳಲ್ಲಿ ನೂರಕ್ಕೆ 15.7 ತೀರಿಕೊಂಡವು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಈ ಪದ್ಧತಿಯನ್ನು ಆಸ್ಪತ್ರೆಗಳಲ್ಲಿಯೂ ಮನೆಗಳಲ್ಲಿಯೂ ಹರಡುವ ಪ್ರಯತ್ನ ನಡೆದಿದೆ. ಶಿಶುವನ್ನು ನೆಟ್ಟಗೆ, ಮುಖ ಒಂದು ಪಕ್ಕಕ್ಕೆ ತಿರುಗಿ ಮೂಗು ತೆರೆದಿರುವಂತೆ ಹಿಡಿದಿರುವ ತಾಯಿಗೆ ಅದರ ಪ್ರತಿಯೊಂದು ಉಸಿರೂ ತನ್ನ ಮೈಯ ಮೇಲೆಯೇ ತಿಳಿಯುವುದು. ಇದಕ್ಕಿಂತ ಹತ್ತಿರದ ಸಾಕ್ಷಿ ಮತ್ತಾರು?

ತಿಂಗಳು ತುಂಬಿ ಹುಟ್ಟಿದ ಮಗುವಿಗೂ ಕೆಲವು ಅಪಾಯಗಳುಂಟು. ನಾಯಿಕೆಮ್ಮು ತಗಲಿದ ಎಳೆ ಶಿಶುವು ಕೆಮ್ಮದೆಯೇ ಉಸಿರು ನಿಲ್ಲಿಸಬಹುದು. ಶ್ವಾಸಕೋಶದ ಸೋಂಕು, ರಕ್ತದ ನಂಜು ಮುಂತಾದವುಗಳಲ್ಲಿಯೂ ಇದೇ ಮೊದಲನೆಯ ಚಿಹ್ನೆಯಾಗಿರಬಹುದು. ನಾಯಿಕೆಮ್ಮಿಗೆ 6, 10, 14 ವಾರಗಳಲ್ಲಿ ಹಾಕುವ ಲಸಿಕೆಯೇ ರಕ್ಷಣೆ. ಒಮ್ಮೆ ನೀಲಿಗಟ್ಟಿದ ಎಳೆ ಶಿಶುವು ಮತ್ತೆ ನಗುತ್ತಿದ್ದರೂ ಅದೇ ದಿವಸ ವೈದ್ಯರಿಗೆ ತೋರಿಸತಕ್ಕದ್ದು. ಬೆಳಗಾಗಲಿ ಎಂದು ಕಾಯಕೂಡದು.

ಮಲಗಿಸುವ ವಿಧಾನದ ವಿಷಯವಾಗಿ ಒಂದು ದುಃಖದ ಚರಿತ್ರೆಯನ್ನು ಇಲ್ಲಿ ಹೇಳಬೇಕಾಗಿದೆ. ಆರೋಗ್ಯವಾಗಿದ್ದ ಶಿಶುವು ರಾತ್ರಿ ಮಲಗಿದಲ್ಲಿಯೇ ಕಾರಣ ತಿಳಿಯದೆ ತೀರಿಹೋಗುವುದುಂಟು. ಎರಡರಿಂದ ನಾಲ್ಕು ತಿಂಗಳ ವಯಸ್ಸಿನಲ್ಲಿ ಇದು ಹೆಚ್ಚು. ಇದೂ ಶ್ವಾಸಸ್ತಂಭನವೂ ಒಂದೇ ಅಲ್ಲ; ಆದರೆ ಉಸಿರಿನ ದಾರಿಗೂ ಇದಕ್ಕೂ ಸಂಬಂಧವಿದೆ. ಕಳೆದ ಶತಮಾನದ ಮಧ್ಯಭಾಗದಿಂದ ಕೆಲವು ದಶಕಗಳ ಕಾಲ ಪಾಶ್ಚಾತ್ಯ ದೇಶಗಳ ಶಿಶುಪಾಲನೆಯ ಗ್ರಂಥಗಳು ಮಗುವನ್ನು ಬೋರಲು ಮಲಗಿಸಬೇಕೆಂದು ಬೋಧಿಸಿದುವು. ಅದು ಅಪಾಯಕರವೆಂದು ನಿಶ್ಚಯವಾದ ಮೇಲೆ 1991 ರಲ್ಲಿ ಬ್ರಿಟನ್ನಿನಲ್ಲಿಯೂ 1994 ರಲ್ಲಿ ಅಮೆರಿಕದಲ್ಲಿಯೂ ಮಗುವನ್ನು ಅಂಗಾತ ಮಲಗಿಸಿರೆಂಬ ಪ್ರಚಾರ ನಡೆಯಿತು. ಅಮೆರಿಕದಲ್ಲಿ 1992 ರಲ್ಲಿ ಸಾವಿರ ಶಿಶುಗಳಿಗೆ 1.2 ರಂತೆ ಇದ್ದ ಈ ಸಾವು 2001 ರ ಹೊತ್ತಿಗೆ 0.56 ಕ್ಕೆ ಇಳಿಯಿತು. ಇದಕ್ಕೆ ಔಷಧ ಬೇಕಾಗಲಿಲ್ಲ, ಹಣ ಬೇಕಾಗಲಿಲ್ಲ. ತಾಯಂದಿರಿಗೆ ಒಂದು ಮಾತು ಮುಟ್ಟಬೇಕಾಗಿತ್ತು, ಅಷ್ಟೇ. ಆದರೆ ಆ ಮಾತನ್ನು ಹೇಳಲು ಸಾಕಾದ ಆಧಾರವು 1970 ರಲ್ಲಿಯೇ ಸಿಕ್ಕುತ್ತಿತ್ತೆಂದೂ, ಆಗಲೇ ಹೇಳಿದ್ದರೆ ಯೂರೋಪ್, ಅಮೆರಿಕ, ಆಸ್ಟ್ರೇಲಿಯ ಸೀಮೆಗಳಲ್ಲಿ ಕನಿಷ್ಠ 50,000 ಶಿಶುಗಳು ಉಳಿಯಬಹುದಾಗಿತ್ತೆಂದೂ 2005 ರಲ್ಲಿ ಲಂಡನ್ನಿನ ರೂತ್ ಗಿಲ್ಬರ್ಟ್ ಮತ್ತು ಜತೆಗಾರರು ಲೆಕ್ಕಹಾಕಿ ತೋರಿಸಿದರು. ತಿಳುವಳಿಕೆ ತಡವಾದರೆ ಎಷ್ಟು ಬೆಲೆ ತೆರಬೇಕಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ನಮ್ಮ ನಾಡಿನಲ್ಲಿ ಮಗುವನ್ನು ಅಂಗಾತ ಮಲಗಿಸುವುದು ಬಹು ಕಾಲದಿಂದ ಇದ್ದ ರೂಢಿಯೇ. ಅದನ್ನು ಬಿಡದಿರುವುದು ಒಳ್ಳೆಯದು. ಆದರೆ ಬಿಡತಕ್ಕ ರೂಢಿಗಳೂ ಕೆಲವಿವೆ. ಎಣ್ಣೆನೀರಾದ ಮೇಲೆ ಸಾಂಬ್ರಾಣಿಯ ಹೊಗೆಯನ್ನು ಮಗುವಿನ ಮುಖಕ್ಕೆ ಹಿಡಿಯುವುದು, ಮೂಗಿನಲ್ಲಿ ಎಣ್ಣೆ ಬಿಡುವುದು, ಚಳಿಯೆಂದು ತಲೆಯ ಮೇಲೂ ಕಂಬಳಿ ಹೊದಿಸುವುದು, ಮೆತ್ತನೆಯ ದಿಂಬುಗಳ ನಡುವೆ ಹುದುಗಿಸುವುದು, ಇವು ಪ್ರೀತಿಯಿಂದಲೇ ಮಾಡುವ ಕೆಲಸಗಳಾದರೂ ಉಸಿರಿಗೆ ಹಿತವಲ್ಲ. ಮೂಗಿಗೆ ಬಿಟ್ಟ ಎಣ್ಣೆಯು ಶ್ವಾಸಕೋಶಕ್ಕೆ ಇಳಿದು ರೋಗವನ್ನುಂಟುಮಾಡಿದ ಸಂಗತಿಗಳನ್ನು ನಮ್ಮ ದೇಶದ ವೈದ್ಯರೇ ಬರೆದಿಟ್ಟಿದ್ದಾರೆ. ಬಟ್ಟೆಯ ಜೋಲಿಯಲ್ಲಿ ಮಗುವಿನ ಬೆನ್ನು ಬಾಗಿ ಗದ್ದವು ಎದೆಗೆ ಒತ್ತಿದರೆ ಉಸಿರಿನ ದಾರಿ ಕಿರಿದಾಗುವುದು. ಆದುದರಿಂದ ಸಮನಾದ ಗಟ್ಟಿ ಹಾಸಿಗೆಯೇ ಲೇಸು. ಮನೆಯೊಳಗೆ ಬೀಡಿ ಸಿಗರೇಟುಗಳ ಹೊಗೆ ಕೂಡದೆಂಬುದನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ಅಜ್ಜಿಯರ ಮನಸ್ಸನ್ನು ನೋಯಿಸದೆ ಇಂಥ ಮಾತನ್ನು ತಿಳಿಯಹೇಳಲು ಮೊಮ್ಮಗಳಿಗಿಂತ ಸಮರ್ಥರು ಯಾರಿದ್ದಾರೆ?

ಮಗುವಿನ ಉಸಿರು ನಿಂತರೆ ಕೂಗುವ ಯಂತ್ರಗಳು ಅಂಗಡಿಗಳಲ್ಲಿ ಸಿಕ್ಕುತ್ತವೆ. ವೈದ್ಯರು ವಿಶೇಷ ಕಾರಣದಿಂದ ಬರೆದುಕೊಟ್ಟರೆ ಅದು ಬೇರೆ ಮಾತು. ಆದರೆ ಆರೋಗ್ಯವಾದ ಶಿಶುವಿಗೆ ಇವನ್ನು ಕಟ್ಟುವುದರಿಂದ ಆಕಸ್ಮಿಕ ಮರಣ ತಪ್ಪುವುದೆಂಬುದು ರುಜುವಾತಾಗಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘವು 2003 ರಲ್ಲಿಯೇ ತಿಳಿಸಿತು. ಹಣವಿದ್ದವರು ಯಂತ್ರವನ್ನು ಕೊಂಡು ನಿಶ್ಚಿಂತರಾಗುವುದಕ್ಕಿಂತ, ಹಣವಿಲ್ಲದವರು ಅಂಗಾತ ಮಲಗಿಸಿ ಎಚ್ಚರದಿಂದಿರುವುದೇ ಮೇಲು.

ಇನ್ನು ಅತ್ತು ಅತ್ತು ಉಸಿರು ಕಟ್ಟುವ ಮಕ್ಕಳ ವಿಷಯ. ಆರು ತಿಂಗಳಿಂದ ಆರು ವರ್ಷದವರೆಗಿನ ಕೆಲವು ಮಕ್ಕಳು ಬಿದ್ದಾಗ, ಸಿಟ್ಟು ಬಂದಾಗ, ಬೆದರಿದಾಗ ಅಳುತ್ತ ಅಳುತ್ತ ಉಸಿರು ಬಿಟ್ಟು ಮತ್ತೆ ಎಳೆಯದೆ ನೀಲಿಗಟ್ಟಿ ಮೂರ್ಛೆ ಹೋಗುವರು. ಇದನ್ನು ಬಾಲಗ್ರಹವೆಂದೂ ದೃಷ್ಟಿಯೆಂದೂ ತಿಳಿದು ನಿವಾಳಿಸುವವರಿದ್ದಾರೆ. ಹಟವೆಂದು ತಿಳಿದು ಹೊಡೆಯುವವರೂ ಇದ್ದಾರೆ. ಎರಡೂ ಸರಿಯಲ್ಲ. ಮಗುವು ಇದನ್ನು ಬೇಕೆಂದು ಮಾಡುವುದಿಲ್ಲ. ಪಕ್ಕಕ್ಕೆ ತಿರುಗಿಸಿ ಮಲಗಿಸಿದರೆ ಒಂದು ನಿಮಿಷದೊಳಗೆ ಸಾಮಾನ್ಯವಾಗಿ ಚೇತರಿಸಿಕೊಳ್ಳುವುದು. ಅಲುಗಾಡಿಸುವುದು, ಬಾಯಿಗೆ ನೀರು ಹೊಯ್ಯುವುದು ಕೂಡದು. ಇಂಥ ಮಕ್ಕಳಲ್ಲಿ ಹಲವರಿಗೆ ಕಬ್ಬಿಣದ ಅಂಶದ ಕೊರತೆಯಿದ್ದು, ಅದನ್ನು ತುಂಬಿಕೊಟ್ಟರೆ ಈ ಬಾಧೆ ಕಡಿಮೆಯಾಗುವುದೆಂದು ಕಂಡುಬಂದಿದೆ. 2019-21 ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳು ರಕ್ತಹೀನರು. ಆದುದರಿಂದ ಮೊದಲ ಸಲ ಹೀಗಾದಾಗ ವೈದ್ಯರಿಗೆ ತೋರಿಸಿ ರಕ್ತವನ್ನು ಪರೀಕ್ಷೆ ಮಾಡಿಸುವುದು ಯುಕ್ತ.

ಪಾಠಶಾಲೆಯ ಮಕ್ಕಳಲ್ಲಿ ಈ ರೋಗವು ಬೇರೊಂದು ವೇಷದಲ್ಲಿ ಬರುವುದು. ಎರಡರಿಂದ ಎಂಟು ವರ್ಷದ ಮಕ್ಕಳಲ್ಲಿ ಗಂಟಲಿನ ಟಾನ್ಸಿಲ್‌ಗಳೂ ಮೂಗಿನ ಹಿಂಭಾಗದ ಅಡಿನಾಯ್ಡ್ ಎಂಬ ಮಾಂಸವೂ ದೊಡ್ಡದಾಗಿದ್ದು ರಾತ್ರಿ ಉಸಿರಿಗೆ ಅಡ್ಡಬರುವುವು. ಅಂಥ ಮಗು ಬಾಯಿ ತೆರೆದು ಮಲಗುವುದು, ಗೊರಕೆ ಹೊಡೆಯುವುದು, ಹಾಸಿಗೆಯಲ್ಲಿ ಹೊರಳಾಡುವುದು, ಬೆವರುವುದು, ಕೆಲವು ವೇಳೆ ಹಾಸಿಗೆಯನ್ನು ಒದ್ದೆಮಾಡುವುದು. ದೊಡ್ಡವರಾದರೆ ಹಗಲು ತೂಕಡಿಸುವರು. ಮಕ್ಕಳಾದರೋ ಎಷ್ಟೋ ಸಲ ತೂಕಡಿಸುವ ಬದಲು ಚಂಚಲರಾಗಿ, ಸಿಡುಕರಾಗಿ, ಪಾಠದಲ್ಲಿ ಲಕ್ಷ್ಯವಿಲ್ಲದವರಾಗಿ ಕಾಣುವರು. 1889 ರಲ್ಲಿಯೇ ವಿಲಿಯಂ ಹಿಲ್ ಎಂಬ ಲಂಡನ್ನಿನ ವೈದ್ಯನು ಮಕ್ಕಳ ಮಂದಬುದ್ಧಿಗೆ ಇಂಥ ಉಸಿರಿನ ಅಡಚಣೆಯೂ ಒಂದು ಕಾರಣವೆಂದು ಬರೆದನು. ನೂರ ಮೂವತ್ತು ವರ್ಷಗಳಿಗೂ ಮೀರಿ ಕಳೆದ ಮೇಲೆಯೂ ತರಗತಿಯಲ್ಲಿ ಬಾಯಿ ತೆರೆದು ಕುಳಿತ ಮಗುವಿಗೆ ದಡ್ಡನೆಂಬ ಬಿರುದು ಸಿಕ್ಕುವುದೇ ಹೊರತು ಗಂಟಲ ಪರೀಕ್ಷೆ ಸಿಕ್ಕುವುದು ಅಪರೂಪ. ಶಸ್ತ್ರಚಿಕಿತ್ಸೆಯಿಂದ ಬುದ್ಧಿಯು ಒಮ್ಮೆಲೇ ಬೆಳೆಯುವುದೆಂದು ನಾವು ಹೇಳುವುದಿಲ್ಲ. 2013 ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ ಲಕ್ಷ್ಯದ ಅಳತೆಯು ಹೆಚ್ಚಾಗಿ ಸುಧಾರಿಸಲಿಲ್ಲ. ಆದರೆ ನಿದ್ರೆ, ನಡತೆ, ಉತ್ಸಾಹಗಳು ಸುಧಾರಿಸಿದುವು. ಒಂದು ಮಗುವಿಗೆ ಅದು ಕಡಿಮೆ ಲಾಭವೇ?

ದೊಡ್ಡವರ ವಿಷಯದಲ್ಲಿ ನಮ್ಮ ಜನರ ಭ್ರಮೆ ಇನ್ನೂ ದೊಡ್ಡದು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬುದು ಗಾದೆ. ಗೊರಕೆ ಹೊಡೆಯುವವನನ್ನು ಕಂಡರೆ ಸುಖನಿದ್ರೆಯೆಂದು ಅಸೂಯೆಪಡುವರು, ಕುಂಭಕರ್ಣನೆಂದು ನಗುವರು. ಗೊರಕೆಯೆಲ್ಲಾ ರೋಗವಲ್ಲವೆಂಬುದು ನಿಜ. ಆದರೆ ಜೋರಾದ ಗೊರಕೆಯು ಥಟ್ಟನೆ ನಿಂತು, ಎದೆ ಹೊಟ್ಟೆಗಳು ಎಳೆದಾಡುತ್ತ, ಸ್ವಲ್ಪ ಹೊತ್ತಿನ ಮೇಲೆ ಉಸಿರುಗಟ್ಟಿದವನಂತೆ ಏದುಬ್ಬಸದಿಂದ ಮತ್ತೆ ಆರಂಭವಾದರೆ ಅದು ಸುಖನಿದ್ರೆಯಲ್ಲ. ಪ್ರತಿ ಸಲವೂ ರಕ್ತದಲ್ಲಿ ಆಮ್ಲಜನಕವು ಇಳಿಯುವುದು. ಮೆದುಳು ಗಾಬರಿಗೊಂಡು ನಿದ್ರೆಯನ್ನು ಕ್ಷಣಮಾತ್ರ ಮುರಿದು ದಾರಿಯನ್ನು ತೆರೆಯುವುದು. ಗಂಟೆಗೆ 5 ರಿಂದ 15 ಸಲ ಹೀಗಾದರೆ ಸೌಮ್ಯವೆಂದೂ, 30 ಮೀರಿದರೆ ತೀವ್ರವೆಂದೂ ಎಣಿಸುವರು. ಎಂಟು ಗಂಟೆ ಮಲಗಿದರೂ ದಣಿವಾರದು. ಬೆಳಿಗ್ಗೆ ತಲೆನೋವು, ಬಾಯಿ ಒಣಗುವುದು, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಹಗಲು ತೂಕಡಿಕೆ, ಮರೆವು, ಸಿಡುಕು, ಔಷಧಕ್ಕೆ ಬಗ್ಗದ ರಕ್ತದೊತ್ತಡ, ಇವು ಚಿಹ್ನೆಗಳು. ವಾಹನ ನಡೆಸುವಾಗ ಒಂದು ಕ್ಷಣ ಕಣ್ಣು ಮುಚ್ಚಿದರೆ ಆಗುವ ಅನಾಹುತವು ಅವನೊಬ್ಬನದೇ ಅಲ್ಲ.

ಈ ರೋಗವನ್ನು ವೈದ್ಯಶಾಸ್ತ್ರವೂ ತಡವಾಗಿಯೇ ಗುರುತಿಸಿತು. ಹೃದ್ರೋಗಿಗಳಲ್ಲಿ ಉಸಿರು ಏರಿ ಇಳಿದು ನಿಲ್ಲುವುದನ್ನು ಡಬ್ಲಿನ್ ನಗರದ ಜಾನ್ ಚೇನ್ 1818 ರಲ್ಲಿ ಬರೆದಿಟ್ಟಿದ್ದನು. ಆದರೆ ಗಂಟಲು ಮುಚ್ಚಿ ನಿದ್ರೆ ಕೆಡುವ ಬಗೆಯನ್ನು ಯಂತ್ರಗಳಿಂದ ಅಳೆದು ತೋರಿಸಿದುದು 1965 ರಲ್ಲಿ, ಯೂರೋಪಿನ ವೈದ್ಯರು. ಆ ಮೇಲೆಯೂ ಬಹುಕಾಲ ಕುತ್ತಿಗೆಯಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ಕೊಳವೆ ಇಡುವುದೇ ಚಿಕಿತ್ಸೆಯಾಗಿತ್ತು. 1981 ರಲ್ಲಿ ಆಸ್ಟ್ರೇಲಿಯದ ಸಿಡ್ನಿ ನಗರದ ಕಾಲಿನ್ ಸಲ್ಲಿವನ್, ಮೂಗಿನ ಮೂಲಕ ಸಣ್ಣ ಒತ್ತಡದ ಗಾಳಿಯನ್ನು ಎಡೆಬಿಡದೆ ಕಳುಹಿಸಿ ಗಂಟಲಿನ ದಾರಿಯನ್ನು ತೆರೆದಿಡಬಹುದೆಂದು ಐವರು ರೋಗಿಗಳಲ್ಲಿ ತೋರಿಸಿದನು. ಇಂದು ಲೋಕದಾದ್ಯಂತ ಬಳಕೆಯಲ್ಲಿರುವ ಯಂತ್ರ ಅದೇ. ಅದರೊಂದಿಗೆ ತೂಕವನ್ನು ಇಳಿಸುವುದು, ಮಗ್ಗುಲಾಗಿ ಮಲಗುವುದು, ಮದ್ಯವನ್ನೂ ನಿದ್ರೆಯ ಮಾತ್ರೆಗಳನ್ನೂ ಬಿಡುವುದು ಸಹಕಾರಿ. ಯಂತ್ರದ ಬೆಲೆ ಸಾಮಾನ್ಯ ಕುಟುಂಬಕ್ಕೆ ಹೊರೆಯೆಂಬುದನ್ನು ನಾವು ಬಲ್ಲೆವು. ಆದರೆ ರೋಗವನ್ನು ಗುರುತಿಸುವ ಮೊದಲ ಹೆಜ್ಜೆಗೆ ಬೆಲೆಯಿಲ್ಲ.

ಇಲ್ಲಿಗೆ ನಮ್ಮ ಮುಖ್ಯ ಮಾತು ಬರುತ್ತದೆ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ತಜ್ಞರು ನಮ್ಮ ದೇಶದ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ 2023 ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಗಂಟಲು ಮುಚ್ಚುವ ಶ್ವಾಸಸ್ತಂಭನವು ಪುರುಷರಲ್ಲಿ ನೂರಕ್ಕೆ 13, ಸ್ತ್ರೀಯರಲ್ಲಿ ನೂರಕ್ಕೆ 5 ಮಂದಿಗೆ ಇದೆ. ಪುರುಷರಿಗೆ ಇದು ಹೆಚ್ಚೆಂಬುದು ಸತ್ಯವೇ. ಆದರೆ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದಲ್ಲಿ 1997 ರಲ್ಲಿ ಇನ್ನೊಂದು ಲೆಕ್ಕ ತೆಗೆದರು: ರೋಗವು ಮಧ್ಯಮ ಅಥವಾ ತೀವ್ರವಾಗಿದ್ದರೂ ಯಾವ ವೈದ್ಯನಿಂದಲೂ ಗುರುತಿಸಲ್ಪಡದೆ ಇದ್ದವರು ಪುರುಷರಲ್ಲಿ ನೂರಕ್ಕೆ 82, ಸ್ತ್ರೀಯರಲ್ಲಿ ನೂರಕ್ಕೆ 93. ಈ ಅಂತರಕ್ಕೆ ಕಾರಣವೇನು? ಸ್ತ್ರೀಯರಲ್ಲಿ ಈ ರೋಗವು ಗೊರಕೆಗಿಂತ ಹೆಚ್ಚಾಗಿ ಆಯಾಸ, ನಿದ್ರೆ ಬಾರದಿರುವುದು, ತಲೆನೋವು, ಮನಸ್ಸಿನ ಕುಗ್ಗು ಎಂಬ ರೂಪದಲ್ಲಿ ಬರುವುದು. ಗೃಹಿಣಿಯು ದಣಿದಿದ್ದಾಳೆಂದರೆ ಅದರಲ್ಲಿ ವಿಶೇಷವೇನೆಂದು ಮನೆಯವರು ಕೇಳುವರು. ಅವಳೂ ಹಾಗೆಯೇ ತಿಳಿದುಕೊಳ್ಳುವಳು. ಎಲ್ಲರಿಗಿಂತ ತಡವಾಗಿ ಮಲಗಿ ಎಲ್ಲರಿಗಿಂತ ಮುಂಚೆ ಏಳುವವಳ ನಿದ್ರೆಯನ್ನು ಎಚ್ಚರವಾಗಿದ್ದು ನೋಡುವವರು ಯಾರು? ಮುಟ್ಟು ನಿಂತ ಮೇಲೆ ಈ ರೋಗದ ಸಂಭವವು ಹೆಚ್ಚುವುದು. ಗರ್ಭಿಣಿಯರಲ್ಲಿ ಹೊಸದಾಗಿ ಆರಂಭವಾದ ಗೊರಕೆಗೂ ರಕ್ತದೊತ್ತಡದ ಏರಿಕೆಗೂ ಸಂಬಂಧ ಕಂಡುಬಂದಿದೆ. ಮನೆಯವರೆಲ್ಲರ ಉಸಿರಿಗೆ ಸಾಕ್ಷಿಯಾದವಳ ಉಸಿರಿಗೆ ಸಾಕ್ಷಿಯೇ ಇಲ್ಲದಿರುವುದು ನ್ಯಾಯವೇ ಎಂದು ವಾಚಕರನ್ನು ಕೇಳುತ್ತೇವೆ.

ನಮ್ಮ ಸಲಹೆಗೆ ಆಕ್ಷೇಪಗಳು ಬರಬಹುದು. ಎಳೆಯ ಬಾಲಕಿಯರ ಮನಸ್ಸಿನಲ್ಲಿ ಸಾವಿನ ಭಯವನ್ನು ಏಕೆ ಬಿತ್ತಬೇಕೆಂದು ಕೆಲವರು ಕೇಳಬಹುದು. ಭಯ ಹುಟ್ಟುವುದು ಕತ್ತಲಿನಲ್ಲಿ. ಯಾವ ಉಸಿರಾಟ ಸಹಜ, ಯಾವುದು ಅಸಹಜ ಎಂದು ಬಲ್ಲವಳು ಅನಗತ್ಯವಾಗಿ ಅಂಜಳು, ಅಗತ್ಯವಿದ್ದಾಗ ಅಲಕ್ಷ್ಯಮಾಡಳು. ಇದು ವೈದ್ಯರ ಕೆಲಸವಲ್ಲವೇ ಎಂದು ಇನ್ನು ಕೆಲವರು ಹೇಳಬಹುದು. ಚಿಕಿತ್ಸೆಯು ವೈದ್ಯರದೇ, ಆದರೆ ರಾತ್ರಿ ಎರಡು ಗಂಟೆಗೆ ಹಾಸಿಗೆಯ ಪಕ್ಕದಲ್ಲಿ ವೈದ್ಯರು ಇರುವುದಿಲ್ಲ. ಮೂರನೆಯ ಆಕ್ಷೇಪವೇ ತೂಕವುಳ್ಳದ್ದು: ಮನೆಯ ಭಾರವನ್ನೆಲ್ಲಾ ಹೊತ್ತ ಹೆಣ್ಣುಮಕ್ಕಳ ಹೆಗಲಿಗೆ ಇದೂ ಒಂದು ಹೊರೆಯೇ ಎಂಬುದು. ಈ ಮಾತನ್ನು ನಾವು ಒಪ್ಪುತ್ತೇವೆ. ಆದುದರಿಂದಲೇ ಇದನ್ನು ಬಾಲಕರ ಶಾಲೆಗಳಲ್ಲಿಯೂ ಕಲಿಸಬೇಕೆಂದು ಒತ್ತಿ ಹೇಳುತ್ತೇವೆ. ಅಣ್ಣತಮ್ಮಂದಿರು ತಾಯಿಯ ನಿದ್ರೆಯನ್ನು ಒಂದು ರಾತ್ರಿ ಗಮನಿಸಿದರೆ ಅವರ ಪುರುಷತ್ವಕ್ಕೆ ಕುಂದಿಲ್ಲ. ಆದರೆ ಅವರು ಕಲಿಯುವ ತನಕ ಬಾಲಕಿಯರು ಕಾಯಬೇಕಾದುದಿಲ್ಲ. ಕಲಿತವಳೇ ತಮ್ಮನಿಗೆ ಕಲಿಸಬಹುದು.

ಇದಕ್ಕಾಗಿ ಹೊಸ ಪಠ್ಯಪುಸ್ತಕ ಬೇಕಾದುದಿಲ್ಲ. ಆರೋಗ್ಯಶಾಸ್ತ್ರದ ಪಾಠದಲ್ಲಿ ಶ್ವಾಸಕೋಶದ ಚಿತ್ರವನ್ನು ಬರೆಯಿಸುವ ದಿವಸವೇ ನಿದ್ರೆಯ ಉಸಿರಿನ ಮಾತನ್ನೂ ಹೇಳಬಹುದು. ವರ್ಷಕ್ಕೊಮ್ಮೆ ತರಬೇತಾದ ದಾದಿಯನ್ನೋ ವೈದ್ಯೆಯನ್ನೋ ಕರೆಯಿಸಿ, ಉಸಿರು ನಿಂತ ಶಿಶುವಿಗೂ ದೊಡ್ಡವರಿಗೂ ಎದೆಯನ್ನು ಒತ್ತಿ ಬಾಯಿಯಿಂದ ಉಸಿರು ಊದುವ ಪ್ರಥಮ ಚಿಕಿತ್ಸೆಯನ್ನು ಬೊಂಬೆಯ ಮೇಲೆ ಕೈಯಿಂದಲೇ ಮಾಡಿಸಿ ಕಲಿಸಬೇಕು. ಇದು ಓದಿ ಬರುವ ವಿದ್ಯೆಯಲ್ಲ. 108 ಕ್ಕೆ ಕರೆಮಾಡಿ ಮನೆಯ ದಾರಿಯನ್ನು ಸ್ಪಷ್ಟವಾಗಿ ಹೇಳುವ ಅಭ್ಯಾಸವನ್ನೂ ಮಾಡಿಸಬೇಕು. ಮನೆಯಲ್ಲಿ ಯಾರ ಉಸಿರಾದರೂ ನಿದ್ರೆಯಲ್ಲಿ ನಿಲ್ಲುವಂತೆ ಕಂಡರೆ, ಎಷ್ಟು ಹೊತ್ತು ನಿಂತಿತು, ಎದೆ ಅಲುಗಾಡುತ್ತಿತ್ತೇ, ತುಟಿಯ ಬಣ್ಣ ಹೇಗಿತ್ತು, ಯಾವ ಮಗ್ಗುಲಲ್ಲಿ ಮಲಗಿದ್ದರು ಎಂಬುದನ್ನು ಗಡಿಯಾರ ನೋಡಿ ಬರೆದಿಡಲು ತಿಳಿಸಬೇಕು. ಈಗ ಮನೆಮನೆಯಲ್ಲಿರುವ ಮೊಬೈಲಿನಲ್ಲಿ ಒಂದೆರಡು ನಿಮಿಷದ ಚಿತ್ರ ತೆಗೆದು ವೈದ್ಯರಿಗೆ ತೋರಿಸಿದರೆ ಅರ್ಧ ಕೆಲಸ ಆದಂತೆಯೇ. ಕೊನೆಯದಾಗಿ, ಉಪಾಧ್ಯಾಯಿನಿಯರು ತರಗತಿಯಲ್ಲಿ ತೂಕಡಿಸುವ ಬಾಲಕಿಯನ್ನು ಬೆಂಚಿನ ಮೇಲೆ ನಿಲ್ಲಿಸುವುದಕ್ಕೆ ಮೊದಲು ರಾತ್ರಿ ಹೇಗೆ ಮಲಗುತ್ತೀಯೆಂದು ಒಮ್ಮೆ ಕೇಳಬೇಕು.

ಪ್ರಿಯ ಬಾಲಕಿಯರೇ, ನಿಮ್ಮ ಶಾಲೆಯು ನಿಮಗೆ ಅಕ್ಷರವನ್ನೂ ಲೆಕ್ಕವನ್ನೂ ಹೊಲಿಗೆಯನ್ನೂ ಕಲಿಸುತ್ತದೆ. ಅವುಗಳ ಜತೆಗೆ ಮಲಗಿರುವವರ ಉಸಿರನ್ನು ಓದುವ ವಿದ್ಯೆಯನ್ನೂ ಕೇಳಿ ಪಡೆಯಿರಿ. ಇಂದು ರಾತ್ರಿ ತೊಟ್ಟಿಲಿನ ತಮ್ಮನನ್ನೋ ತಂಗಿಯನ್ನೋ ಅಂಗಾತ ಮಲಗಿಸಿ ಮುಖದ ಮೇಲಿನ ಬಟ್ಟೆಯನ್ನು ಸರಿಸಿರಿ. ಆ ಮೇಲೆ ನಿಮ್ಮ ತಾಯಿ ಮಲಗಿದ ಬಳಿಕ ಒಂದು ಹತ್ತು ನಿಮಿಷ ಅವಳ ಪಕ್ಕದಲ್ಲಿ ಎಚ್ಚರವಾಗಿದ್ದು ಅವಳ ಉಸಿರನ್ನು ಆಲಿಸಿರಿ.